ಜರ್ಮನಿಯಲ್ಲಿ ಕಾರು ಓಡಿಸುವ ಮುಂಚೆ: ಹೊಸದಾಗಿ ಬಂದ ಕನ್ನಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಟುಟ್‌ಗಾರ್ಟ್ ಹತ್ತಿರ ಬಂದು ನೆಲೆಸಿ ನನಗೆ ಹನ್ನೊಂದು ವರ್ಷ ಆಯಿತು. ಯುಗಾದಿಗೋ ರಾಜ್ಯೋತ್ಸವಕ್ಕೋ ನಾಲ್ಕು ಜನ ಕನ್ನಡದವರು ಸೇರಿದರೆ, ಹೊಸದಾಗಿ ಬಂದವರು ಕೇಳುವ ಮಾತು ಎರಡು. ಬಾಡಿಗೆ ಮನೆ ಎಲ್ಲಿ ಸಿಗುತ್ತೆ, ಕಾರು ಓಡಿಸೋದು ಹೇಗೆ. ಎರಡನೆಯದಕ್ಕೆ ನಾನು ಕೊಡುತ್ತಾ ಬಂದ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ನಿಯಮ, ದಂಡದ ಮೊತ್ತ ಆಗಾಗ ಬದಲಾಗುತ್ತವೆ, ಹಾಗಾಗಿ ಅರ್ಜಿ ಹಾಕುವ ಮುಂಚೆ ಇಲ್ಲಿ ನೀವಿರುವ ಊರಿನ ಲೈಸೆನ್ಸ್ ಕಚೇರಿಯಲ್ಲಿ ಒಮ್ಮೆ ಕೇಳಿಕೊಳ್ಳಿ.

ಭಾರತದ ಲೈಸೆನ್ಸ್ ಇಟ್ಟುಕೊಂಡು ಇಲ್ಲಿ ಓಡಿಸಬಹುದಾ?

ಓಡಿಸಬಹುದು, ಆದರೆ ಆರು ತಿಂಗಳು ಮಾತ್ರ. ಲೆಕ್ಕ ಶುರುವಾಗುವುದು ನೀವು ಇಲ್ಲಿ ವಾಸಕ್ಕೆ ಬಂದ ದಿನದಿಂದ, ಕಾರು ಕೊಂಡ ದಿನದಿಂದ ಅಲ್ಲ. ಲೈಸೆನ್ಸ್ ಜೊತೆಗೆ ಅದರ ಜರ್ಮನ್ ಅನುವಾದ ಇಟ್ಟುಕೊಳ್ಳಿ. ಊರು ಬಿಡುವ ಮುಂಚೆ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡು ಬಂದರೆ ಬಾಡಿಗೆ ಕಾರು ತಗೊಳ್ಳುವಾಗಲೂ ಅನುಕೂಲ.

ಆ ಪರ್ಮಿಟ್ ಒಂದು ವರ್ಷ ನಡೆಯುತ್ತದೆ ಅಂತ ಬರೆದಿರುತ್ತದೆ. ಅದನ್ನು ನೋಡಿ ಇಲ್ಲೂ ಒಂದು ವರ್ಷ ಓಡಿಸಬಹುದು ಅಂದುಕೊಂಡವರನ್ನು ತುಂಬ ನೋಡಿದ್ದೇನೆ. ಇಲ್ಲಿ ನೆಲೆಸಿದವರಿಗೆ ಆರು ತಿಂಗಳೇ ಗಡುವು. ಒಟ್ಟು ಒಂದು ವರ್ಷದೊಳಗೆ ವಾಪಸ್ ಹೋಗುತ್ತೇನೆ ಅಂತ ಕಾಗದ ತೋರಿಸಿದವರಿಗೆ ಮಾತ್ರ ಕಚೇರಿಯವರು ಗಡುವು ಮುಂದಕ್ಕೆ ಹಾಕಿ ಕೊಡಬಹುದು. ಅದಾದ ಮೇಲೂ ಓಡಿಸಿದರೆ ಲೈಸೆನ್ಸ್ ಇಲ್ಲದೆ ಓಡಿಸಿದ ಹಾಗೆ. ಅದು ಬರೀ ದಂಡ ಕಟ್ಟಿ ಮುಗಿಸುವ ವಿಷಯವಲ್ಲ, ಕ್ರಿಮಿನಲ್ ಕೇಸು. ಒಂದು ವರ್ಷದವರೆಗೆ ಜೈಲು ಅಂತ ಕಾನೂನಿನಲ್ಲಿದೆ. ವೀಸಾ ಮೇಲೆ ಇರುವವರು ಈ ಅಪಾಯಕ್ಕೆ ಕೈ ಹಾಕಲೇಬಾರದು.

ಹಾಗಾದರೆ ಮತ್ತೆ ಪರೀಕ್ಷೆ ಕೊಡಬೇಕಾ?

ಕೊಡಬೇಕು, ಥಿಯರಿ ಮತ್ತು ಓಡಿಸುವುದು ಎರಡೂ. ಕೆಲವು ದೇಶಗಳ ಲೈಸೆನ್ಸನ್ನು ಜರ್ಮನಿ ಹಾಗೇ ಬದಲಾಯಿಸಿ ಕೊಡುತ್ತದೆ. ಆ ಪಟ್ಟಿಯಲ್ಲಿ ಭಾರತ ಇಲ್ಲ. ಮೊದಲು ಕಣ್ಣಿನ ಪರೀಕ್ಷೆ, ಫೋಟೋ, ಒಂದು ದಿನದ ಪ್ರಥಮ ಚಿಕಿತ್ಸೆ ಕ್ಲಾಸು. ಆಮೇಲೆ ಅರ್ಜಿ. ಅರ್ಜಿ ಪಾಸಾಗಿ ಬರಲು ವಾರಗಟ್ಟಲೆ ಹಿಡಿಯುತ್ತದೆ, ಅದಕ್ಕೇ ಬಂದ ಮೊದಲ ತಿಂಗಳಲ್ಲೇ ಹಾಕಿಬಿಡಿ.

ಥಿಯರಿ ಪರೀಕ್ಷೆ ಕಂಪ್ಯೂಟರ್‌ನಲ್ಲಿ, 30 ಪ್ರಶ್ನೆ. ಜರ್ಮನ್ ಬಿಟ್ಟು ಇನ್ನೂ 12 ಭಾಷೆಗಳಲ್ಲಿ ಬರೆಯಬಹುದು. ಇಂಗ್ಲಿಷ್ ಇದೆ, ನಮ್ಮ ದೇಶದ ಭಾಷೆ ಯಾವುದೂ ಇಲ್ಲ. ಪ್ರತಿ ತಪ್ಪಿಗೂ ಅದರ ಗಂಭೀರತೆ ನೋಡಿ ಅಂಕ ಹಾಕುತ್ತಾರೆ, ತಪ್ಪಿನ ಅಂಕ 10 ದಾಟಬಾರದು. ಯಾರು ಮೊದಲು ಹೋಗಬೇಕು ಅನ್ನುವಂಥ ಐದಂಕದ ಪ್ರಶ್ನೆ ಎರಡು ತಪ್ಪಿದರೆ, ಮಿಕ್ಕಿದ್ದೆಲ್ಲ ಸರಿ ಇದ್ದರೂ ಫೇಲ್. ಇವರು ಯಾವುದನ್ನು ದೊಡ್ಡ ತಪ್ಪು ಅಂದುಕೊಂಡಿದ್ದಾರೆ ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ, ಅಲ್ವಾ?

ಓಡಿಸುವ ಪರೀಕ್ಷೆ ಸುಮಾರು 55 ನಿಮಿಷ. ಡ್ರೈವಿಂಗ್ ಸ್ಕೂಲ್‌ನ ಕಾರಿನಲ್ಲೇ ಕೊಡಬೇಕು. ಮೇಷ್ಟ್ರು ಪಕ್ಕದಲ್ಲಿ, ಪರೀಕ್ಷಕರು ಹಿಂದಿನ ಸೀಟಿನಲ್ಲಿ. ಪಾಸಾದ ಮೇಲೆ ಜರ್ಮನ್ ಲೈಸೆನ್ಸ್ ಕೈಗೆ ಕೊಡುವಾಗ ನಮ್ಮ ಲೈಸೆನ್ಸ್ ತಗೊಂಡು ಇಟ್ಟುಕೊಳ್ಳುತ್ತಾರೆ. ಅದನ್ನು ಕೊಡುವಾಗ ಕೈ ಹಿಂದೇಟು ಹಾಕುತ್ತದೆ, ಆದರೆ ನಿಯಮ ಹಾಗಿದೆ.

ಊರಲ್ಲಿ ಹದಿನೈದು ವರ್ಷ ಓಡಿಸಿದ್ದೇನೆ. ನನಗೂ ಕ್ಲಾಸು ಬೇಕಾ?

ಲೈಸೆನ್ಸ್ ಇದ್ದವರು ಇಷ್ಟೇ ಗಂಟೆ ಕಲಿಯಬೇಕು ಅನ್ನುವ ಕಡ್ಡಾಯ ಇಲ್ಲ. ಆದರೂ ತಗೊಳ್ಳಿ ಅಂತ ಕೈ ಮುಗಿದು ಹೇಳುತ್ತೇನೆ.

ನಮ್ಮ ಊರಿನ ರಸ್ತೆಯಲ್ಲಿ ಓಡಿಸಿ ಬಂದವರ ಕೈ ಚುರುಕು. ಎದುರಿಗೆ ದನ ಬಂದರೂ, ಬೈಕಿನವನು ತಟ್ಟನೆ ಅಡ್ಡ ಬಂದರೂ ಸಂಭಾಳಿಸುತ್ತೇವೆ. ನಾವು ಎದುರಿನವನ ಕಣ್ಣು, ಕೈ, ಗಾಡಿಯ ಮೂತಿ ನೋಡಿ ಓಡಿಸುತ್ತೇವೆ. ಅವನೂ ನಮ್ಮನ್ನು ನೋಡಿಯೇ ಓಡಿಸುತ್ತಾನೆ. ಇಬ್ಬರೂ ಆ ಕ್ಷಣದಲ್ಲಿ ಅಡ್ಜಸ್ಟ್ ಮಾಡಿಕೊಳ್ಳುತ್ತೇವೆ. ಇದು ನಿಜವಾದ ವಿದ್ಯೆ, ಇದನ್ನು ನಾನು ಕೀಳು ಮಾಡುವುದಿಲ್ಲ.

ಇಲ್ಲಿಯವರು ಹಾಗೆ ಓಡಿಸುವುದಿಲ್ಲ. ಎದುರಿನವನು ನಿಯಮದಲ್ಲಿ ಇದ್ದಂತೆಯೇ ಮಾಡುತ್ತಾನೆ ಅಂತ ನಂಬಿ, ಸ್ಪೀಡ್ ಕಡಿಮೆ ಮಾಡದೆ ಬರುತ್ತಾರೆ. ಅವರು ನಮ್ಮ ಮುಖ ನೋಡುತ್ತಿಲ್ಲ. ನಾವು ಒಳ್ಳೆಯ ಮನಸ್ಸಿನಿಂದ ಮಾಡುವ ಅಡ್ಜಸ್ಟ್‌ಮೆಂಟೇ ಅವರಿಗೆ ಅನಿರೀಕ್ಷಿತ. ಬೇರೆಯವರಿಗೆ ದಾರಿ ಬಿಡೋಣ ಅಂತ ನಮ್ಮ ಸರದಿ ಇದ್ದಾಗಲೂ ಬ್ರೇಕ್ ಹಾಕಿದರೆ, ಹಿಂದಿನವನು ಬಂದು ಗುದ್ದುತ್ತಾನೆ.

ಇನ್ನೊಂದು, ಭುಜದ ಮೇಲಿಂದ ಹಿಂದೆ ತಿರುಗಿ ನೋಡುವುದು. ಇವರು ಶುಲ್ಟರ್‌ಬ್ಲಿಕ್ ಅನ್ನುತ್ತಾರೆ. ಕನ್ನಡಿಗೆ ಕಾಣದ ಒಂದು ಮೂಲೆ ಇರುತ್ತದೆ, ಸೈಕಲ್ಲಿನವರು ಇರುವುದೇ ಅಲ್ಲಿ. ಲೇನ್ ಬದಲಿಸುವಾಗ, ಬಲಕ್ಕೆ ತಿರುಗುವಾಗ, ನಿಂತಲ್ಲಿಂದ ಹೊರಡುವಾಗ ಪ್ರತಿ ಸಲ ಕತ್ತು ತಿರುಗಬೇಕು. ಅನುಭವ ಇದ್ದವರು ಪರೀಕ್ಷೆಯಲ್ಲಿ ಫೇಲ್ ಆಗುವುದು ಬಹಳಷ್ಟು ಸಲ ಇದರಿಂದ. ನನಗೆ ಇದು ಅಭ್ಯಾಸ ಆಗಲು ಎಂಟು ಕ್ಲಾಸು ಬೇಕಾಯಿತು.

ರಸ್ತೆಯ ಬಲಗಡೆ ಓಡಿಸೋದು ಕಷ್ಟಾನಾ?

ಗಾಡಿ ಜಾಸ್ತಿ ಇರುವಾಗ ಕಷ್ಟ ಇಲ್ಲ, ಮುಂದಿನವನ ಹಿಂದೆ ಹೋಗುತ್ತೀರಿ. ಮರೆವು ಬರುವುದು ರಸ್ತೆ ಖಾಲಿ ಇದ್ದಾಗ. ಭಾನುವಾರ ಬೆಳಗ್ಗೆ ಪೆಟ್ರೋಲ್ ಬಂಕಿನಿಂದ ಹೊರಗೆ ಬರುವಾಗ, ಸಣ್ಣ ರಸ್ತೆಯಿಂದ ಎಡಕ್ಕೆ ತಿರುಗಿದ ಮೇಲೆ. ಮೊದಲ ತಿಂಗಳು ಪಕ್ಕದಲ್ಲಿ ಯಾರಾದರೂ ಇದ್ದರೆ ಪ್ರತಿ ತಿರುವಿನಲ್ಲೂ "ಬಲ" ಅಂತ ಬಾಯಿ ಬಿಟ್ಟು ಹೇಳುವಂತೆ ಕೇಳಿಕೊಳ್ಳಿ.

"ರೆಖ್ಟ್ಸ್ ಫೋರ್ ಲಿಂಕ್ಸ್" ಅಂದರೆ ಏನು? ಎಲ್ಲರೂ ಅದರ ಬಗ್ಗೆ ಯಾಕೆ ಹೆದರಿಸುತ್ತಾರೆ?

ಎಡದವರಿಗಿಂತ ಬಲದವರು ಮೊದಲು. ಬೋರ್ಡು, ಸಿಗ್ನಲ್ ಏನೂ ಇಲ್ಲದ ಕೂಡುರಸ್ತೆಯಲ್ಲಿ ನಿಮ್ಮ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ನಿಮ್ಮ ರಸ್ತೆ ಅಗಲವಾಗಿದ್ದರೂ, ಅವರದು ಗಲ್ಲಿಯಂತಿದ್ದರೂ, ಬಂದದ್ದು ಸೈಕಲ್ ಆಗಿದ್ದರೂ.

ನಮ್ಮ ತಲೆಯಲ್ಲಿ ಮೇನ್ ರೋಡ್, ಕ್ರಾಸ್ ರೋಡ್ ಅಂತ ಒಂದು ಲೆಕ್ಕ ಇರುತ್ತದೆ. ಮೇನ್ ರೋಡಿನವನಿಗೆ ಕ್ರಾಸಿನವನು ಕಾಯಬೇಕು. ಜಯನಗರದಲ್ಲಿ ಓಡಿಸಿದವರಿಗೆ ಇದು ರಕ್ತದಲ್ಲೇ ಬಂದಿರುತ್ತದೆ. ಇಲ್ಲಿ ನೋಡಲು ಮೇನ್ ರೋಡಿನ ಹಾಗೇ ಕಾಣುವ ರಸ್ತೆಗೆ ಪ್ರತಿ ಐವತ್ತು ಮೀಟರಿಗೂ ಬಲದಿಂದ ಒಂದು ಓಣಿ ಸೇರುತ್ತಿರುತ್ತದೆ, ಮತ್ತೆ ಪ್ರತಿಯೊಂದಕ್ಕೂ ನೀವೇ ನಿಧಾನಿಸಬೇಕು.

ನನ್ನ ಮೂರನೇ ಕ್ಲಾಸಿನ ದಿನ ಚೆನ್ನಾಗಿ ನೆನಪಿದೆ. ನವೆಂಬರ್ ಸಂಜೆ, ಮನೆಗಳ ಬೀದಿ, 30ರ ವಲಯ. ಬಲಗಡೆ ಎತ್ತರದ ಬೇಲಿ ಗಿಡ. ನಾನು 28ರಲ್ಲಿ ಹೋಗುತ್ತಿದ್ದೆ, ಸ್ಪೀಡ್ ಸರಿ ಇದೆ ಅಂತ ಸಮಾಧಾನದಿಂದ. ಇದ್ದಕ್ಕಿದ್ದಂತೆ ಕಾರು ಮುಗ್ಗರಿಸಿ ನಿಂತಿತು. ಮೇಷ್ಟ್ರು ತಮ್ಮ ಕಡೆಯ ಬ್ರೇಕ್ ಒತ್ತಿದ್ದರು. ಬೇಲಿಯ ಮರೆಯಿಂದ ಒಬ್ಬ ಹುಡುಗಿ ಸೈಕಲ್ಲಿನಲ್ಲಿ ಬಂದಳು. ಹತ್ತು ಹನ್ನೊಂದು ವರ್ಷ ಇರಬಹುದು, ಬೆನ್ನಿಗೆ ಸಂಗೀತದ ಪೆಟ್ಟಿಗೆ. ನಮ್ಮ ಕಡೆ ತಿರುಗಿಯೂ ನೋಡದೆ ದಾಟಿ ಹೋದಳು. ಮೇಷ್ಟ್ರು ಬೈಯಲಿಲ್ಲ. "ಅವಳಿಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ, ತಾನು ಬಲದಿಂದ ಬಂದರೆ ಕಾರು ನಿಲ್ಲುತ್ತೆ ಅಂತ" ಅಂದರು ಅಷ್ಟೇ. ಇಲ್ಲಿಯ ಮಕ್ಕಳಿಗೆ ಪ್ರಾಥಮಿಕ ಶಾಲೆಯಲ್ಲೇ ಪೊಲೀಸರು ಬಂದು ಸೈಕಲ್ ಪಾಠ ಮಾಡುತ್ತಾರೆ. ಆ ಹುಡುಗಿ ನಂಬಿದ್ದು ನಿಯಮವನ್ನು, ನನ್ನನ್ನಲ್ಲ. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಅಂದಿನಿಂದ ಕೂಡುರಸ್ತೆ ಹತ್ತಿರ ಬರುತ್ತಿದ್ದಂತೆ ನನ್ನ ಕಾಲು ತಾನಾಗಿಯೇ ಬ್ರೇಕ್ ಮೇಲೆ ಹೋಗುತ್ತದೆ. ಹಳದಿ ವಜ್ರದಾಕಾರದ ಬೋರ್ಡು ಇದ್ದರೆ ಮಾತ್ರ ನಿಮ್ಮದು ಮುಖ್ಯ ರಸ್ತೆ. ಅದರ ಮೇಲೆ ಕಪ್ಪು ಗೆರೆ ಎಳೆದಿದ್ದರೆ ಆ ಹಕ್ಕು ಅಲ್ಲಿಗೆ ಮುಗಿಯಿತು. ಮನೆಯ ಅಂಗಳದಿಂದ, ಹೊಲದ ದಾರಿಯಿಂದ ಬರುವವರು ನಿಮಗೆ ಕಾಯಬೇಕು. ಹಾಗೆ ನೋಡಿದರೆ ಬಲದವರಿಗೆ ದಾರಿ ಬಿಡಬೇಕು ಅನ್ನುವುದು ನಮ್ಮ 1989ರ ರಸ್ತೆ ನಿಯಮಗಳಲ್ಲೂ ಇತ್ತು. ನಮಗೆ ಯಾರೂ ಹೇಳಿಕೊಡಲಿಲ್ಲ.

ಹಾರ್ನ್ ಹಾಕಬಾರದಾ? ಲೈಟ್ ಮಿಣುಕಿಸಬಹುದಾ?

ಊರೊಳಗೆ ಹಾರ್ನ್ ಇರುವುದು ಅಪಾಯ ಬಂದಾಗ ಮಾತ್ರ. ಲೈಟಿನ ವಿಷಯದಲ್ಲಿ ಇನ್ನೂ ಹುಷಾರಾಗಿರಿ. ನಮ್ಮಲ್ಲಿ ಎದುರಿನವನು ಲೈಟ್ ಮಿಣುಕಿಸಿದರೆ "ನಾನು ಬರ್ತಿದ್ದೇನೆ, ನೀನು ನಿಲ್ಲು" ಅಂತ ಅರ್ಥ. ಇಲ್ಲಿ ಕೂಡುರಸ್ತೆಯಲ್ಲಿ ಮಿಣುಕಿಸಿದರೆ ಸಾಮಾನ್ಯವಾಗಿ "ನೀವು ಹೋಗಿ" ಅಂತ. ಪೂರ್ತಿ ಉಲ್ಟಾ. ನೀವು ಎಚ್ಚರಿಸಲು ಹಾಕಿದ ಲೈಟನ್ನು ಅವರು ಕೃಪೆ ಅಂದುಕೊಂಡು ನುಗ್ಗುತ್ತಾರೆ.

ಆಟೋಬಾನ್‌ನಲ್ಲಿ ಸ್ಪೀಡ್ ಲಿಮಿಟ್ ಇಲ್ವಂತೆ, ನಿಜಾನಾ?

ಅರ್ಧ ನಿಜ. ಆಟೋಬಾನ್ ಅಂದರೆ ಇಲ್ಲಿಯ ಹೆದ್ದಾರಿ, ಅದರಲ್ಲಿ ಹಲವು ಕಡೆ 120, 100, ಕೆಲಸ ನಡೆಯುವಲ್ಲಿ 80 ಅಂತ ಬೋರ್ಡು ಇರುತ್ತದೆ. ಬಿಳಿ ವೃತ್ತದ ಮೇಲೆ ಓರೆಯಾಗಿ ಕಪ್ಪು ಗೆರೆಗಳಿರುವ ಬೋರ್ಡು ಕಂಡರೆ ಮಿತಿ ಮುಗಿಯಿತು ಅಂತ. ಅಲ್ಲೂ 130 ಮೀರದಿರುವುದು ಒಳ್ಳೆಯದು ಅಂತ 1978ರಿಂದ ಸರ್ಕಾರದ ಸಲಹೆ ಇದೆ. ಅದಕ್ಕಿಂತ ಜೋರಾಗಿ ಹೋದರೆ ದಂಡ ಇಲ್ಲ, ಆದರೆ ಅಪಘಾತವಾದರೆ ತಪ್ಪು ಬೇರೆಯವರದಾದರೂ ನಷ್ಟದ ಒಂದು ಪಾಲು ನಿಮ್ಮ ತಲೆ ಮೇಲೆ ಬೀಳಬಹುದು.

ಹೊಸಬರು ನೋಡುವುದು ತಮ್ಮ ಸ್ಪೀಡನ್ನು. ನೋಡಬೇಕಾದ್ದು ಹಿಂದಿನವರ ಸ್ಪೀಡನ್ನು. ನೀವು 100ರಲ್ಲಿ ಲಾರಿ ಹಿಂದೆ ಹೋಗುತ್ತಿದ್ದೀರಿ ಅನ್ನಿ. ಎಡಗಡೆ ಲೇನಿನಲ್ಲಿ 300 ಮೀಟರ್ ಹಿಂದೆ ಒಂದು ಕಾರು, ಕನ್ನಡಿಯಲ್ಲಿ ಚುಕ್ಕಿಯಷ್ಟು. ಅದು 200ರಲ್ಲಿ ಬರುತ್ತಿದ್ದರೆ ಸೆಕೆಂಡಿಗೆ 28 ಮೀಟರಿನಂತೆ ನಿಮ್ಮ ಹತ್ತಿರ ಆಗುತ್ತಿರುತ್ತದೆ. ಹನ್ನೊಂದೇ ಸೆಕೆಂಡು. ನೀವು ಇಂಡಿಕೇಟರ್ ಹಾಕಿ, ಯೋಚಿಸಿ, ನಿಧಾನಕ್ಕೆ ಎಡಕ್ಕೆ ಬರುವಷ್ಟರಲ್ಲಿ ಅದು ನಿಮ್ಮ ಬೆನ್ನಿಗೆ ಬಂದಿರುತ್ತದೆ. ಇಲ್ಲಿ ಅಡ್ಜಸ್ಟ್ ಮಾಡಿಕೊಳ್ಳಲು ಸಮಯವೇ ಇಲ್ಲ. ಅದಕ್ಕೇ ಕನ್ನಡಿಯನ್ನು ಒಂದು ಸಲ ನೋಡಿದರೆ ಸಾಲದು. ಎರಡು ಸಲ ನೋಡಿ, ಆ ಚುಕ್ಕಿ ಎಷ್ಟು ಬೇಗ ದೊಡ್ಡದಾಗುತ್ತಿದೆ ಅಂತ ಗಮನಿಸಿ.

ಮಿಕ್ಕಿದ್ದು ಸರಳ. ಬಲಗಡೆ ಇರಿ, ಎಡದಿಂದ ಮಾತ್ರ ಓವರ್‌ಟೇಕ್ ಮಾಡಿ, ಮುಗಿದ ತಕ್ಷಣ ಬಲಕ್ಕೆ ಬನ್ನಿ. ಬಲದಿಂದ ನುಗ್ಗಿ ಮುಂದೆ ಹೋದರೆ 100 ಯೂರೋ ದಂಡ, ಜೊತೆಗೆ ನಿಮ್ಮ ಹೆಸರಿಗೆ ತಪ್ಪಿನ ಒಂದು ಪಾಯಿಂಟ್. ಮುಂದಿನ ಗಾಡಿಗೂ ನಿಮಗೂ ನಡುವೆ ಸ್ಪೀಡಿನ ಅರ್ಧದಷ್ಟು ಮೀಟರ್ ಇರಲಿ. 120ರಲ್ಲಿ 60 ಮೀಟರ್. ಆ ಜಾಗದಲ್ಲಿ ಬೇರೆಯವರು ಬಂದು ಸೇರಿಕೊಂಡರೆ ಸೇರಿಕೊಳ್ಳಲಿ, ಮತ್ತೆ ಸ್ವಲ್ಪ ಹಿಂದೆ ಸರಿಯಿರಿ.

ಟ್ರಾಫಿಕ್ ಜಾಮ್ ಆದಾಗ ಎಲ್ಲರೂ ಎರಡು ಬದಿಗೆ ಸರಿದು ನಿಲ್ಲುತ್ತಾರಲ್ಲ, ಯಾಕೆ?

ಈ ದೇಶದಲ್ಲಿ ನಾನು ಕಂಡ ಒಳ್ಳೆಯ ಸಂಗತಿಗಳಲ್ಲಿ ಇದನ್ನು ಮೊದಲು ಹೇಳುತ್ತೇನೆ. ಹೆಸರು ರೆಟ್ಟುಂಗ್ಸ್‌ಗಾಸೆ. ಜೀವ ಉಳಿಸುವವರ ಓಣಿ ಅನ್ನಬಹುದು. ಆಟೋಬಾನ್‌ನಲ್ಲಿ ಗಾಡಿಗಳು ನಡೆಯುವಷ್ಟು ನಿಧಾನವಾದ ತಕ್ಷಣ, ತೀರಾ ಎಡದ ಲೇನಿನವರು ಎಡಕ್ಕೆ ಸರಿಯಬೇಕು, ಮಿಕ್ಕ ಎಲ್ಲ ಲೇನಿನವರೂ ಬಲಕ್ಕೆ. ನಡುವೆ ಒಂದು ಗಾಡಿ ಹೋಗುವಷ್ಟು ದಾರಿ ತೆರೆದುಕೊಳ್ಳುತ್ತದೆ. ಬಲಗೈ ಮುಂದಕ್ಕೆ ಚಾಚಿ ನೋಡಿ. ಹೆಬ್ಬೆರಳು ಎಡದ ಲೇನು, ಮಿಕ್ಕ ನಾಲ್ಕು ಬೆರಳು ಮಿಕ್ಕ ಲೇನುಗಳು. ನಡುವಿನ ಸಂದೇ ಆ ಓಣಿ.

ಸೈರನ್ ಕೇಳಿದ ಮೇಲೆ ಸರಿಯೋಣ ಅಂತ ಕಾಯಬಾರದು. ಅಷ್ಟರಲ್ಲಿ ಗಾಡಿಗಳು ಒಂದಕ್ಕೊಂದು ಅಂಟಿ ನಿಂತಿರುತ್ತವೆ, ಮನಸ್ಸಿದ್ದರೂ ಸರಿಯಲು ಜಾಗ ಇರುವುದಿಲ್ಲ. ನಿಧಾನವಾಯಿತು ಅಂದರೆ ಸರಿದಾಯಿತು, ಅಷ್ಟೇ ನಿಯಮ.

ಎ8 ಆಟೋಬಾನ್‌ನಲ್ಲಿ ಸ್ಟುಟ್‌ಗಾರ್ಟ್‌ನಿಂದ ಉಲ್ಮ್ ಅನ್ನುವ ಊರಿನ ಕಡೆ ಹೋಗುವಾಗ ಒಂದು ಘಾಟಿ ಸಿಗುತ್ತದೆ. ನಮ್ಮ ಶಿರಾಡಿಯಷ್ಟು ದೊಡ್ಡದಲ್ಲ, ಆದರೆ ಎರಡೇ ಲೇನು, ಕಡಿದಾದ ತಿರುವು. ಒಂದು ಶುಕ್ರವಾರ ಅಲ್ಲಿ ಸಿಕ್ಕಿಕೊಂಡೆ. ಮಳೆ. ಮುಂದಿನ ಕಾರುಗಳ ಕೆಂಪು ದೀಪ ಹತ್ತಿದವು. ಯಾರೂ ಹಾರ್ನ್ ಹಾಕಲಿಲ್ಲ, ಯಾರೂ ಕೈ ತೋರಿಸಲಿಲ್ಲ. ನನ್ನ ಮುಂದಿನ ಕಾರು ಎಡದ ಗೋಡೆಗೆ ಒತ್ತಿಕೊಂಡಿತು. ಪಕ್ಕದ ಲಾರಿಯವನು ಬಲದ ಚಕ್ರವನ್ನು ಬಿಳಿ ಗೆರೆಯ ಆಚೆಗೆ ಇಟ್ಟ. ಘಾಟಿಯ ಉದ್ದಕ್ಕೂ, ಕಣ್ಣು ಹೋದಷ್ಟು ದೂರ, ನಡುವೆ ಒದ್ದೆ ಡಾಂಬರು ಮಾತ್ರ ಹೊಳೆಯುತ್ತಿತ್ತು. ನಾಲ್ಕೈದು ನಿಮಿಷ ಆದ ಮೇಲೆ ಹಿಂದಿನಿಂದ ನೀಲಿ ದೀಪ ಬಂತು. ಒಂದು ಆಂಬುಲೆನ್ಸ್, ಅದರ ಹಿಂದೆ ಅಗ್ನಿಶಾಮಕದವರು, ಅವರ ಹಿಂದೆ ಡಾಕ್ಟರ ಕಾರು. ಒಂದು ಸಲವೂ ಬ್ರೇಕ್ ಹಾಕದೆ ಮೇಲೆ ಹತ್ತಿ ಹೋದವು. ಕಾರಿನೊಳಗೆ ನಾವು ಯಾರೂ ಮಾತಾಡಲಿಲ್ಲ.

ನಮ್ಮಲ್ಲಿ ರೋಗಿಯನ್ನು ಮಂಗಳೂರಿನಿಂದ ಬೆಂಗಳೂರಿಗೆ ತುರ್ತಾಗಿ ಸಾಗಿಸಬೇಕಾದಾಗ ಪೊಲೀಸರು ಝೀರೋ ಟ್ರಾಫಿಕ್ ಮಾಡುತ್ತಾರೆ, ದಾರಿಯುದ್ದಕ್ಕೂ ಊರಿನ ಹುಡುಗರು ನಿಂತು ಗಾಡಿ ತಡೆದು ದಾರಿ ಬಿಡಿಸುತ್ತಾರೆ. ನಮ್ಮ ಜನಕ್ಕೆ ಮನಸ್ಸಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಇಲ್ಲಿ ಅದನ್ನು ಪ್ರತಿ ಜಾಮ್‌ಗೂ, ಯಾರೂ ಕರೆಯದೆಯೇ ಮಾಡುವ ಅಭ್ಯಾಸ ಮಾಡಿದ್ದಾರೆ.

ಓಣಿ ಬಿಡದವರಿಗೆ ಕನಿಷ್ಠ 200 ಯೂರೋ ದಂಡ, ಎರಡು ಪಾಯಿಂಟ್, ಒಂದು ತಿಂಗಳು ಓಡಿಸುವಂತಿಲ್ಲ. ಖಾಲಿ ಇದೆಯಲ್ಲ ಅಂತ ಅದರೊಳಗೆ ನುಗ್ಗಿದರೆ ಇನ್ನೂ ಜಾಸ್ತಿ. ಆಂಬುಲೆನ್ಸ್ ಹೋಯಿತು ಅಂತ ಓಣಿ ಮುಚ್ಚಬೇಡಿ. ಹಿಂದೆ ಇನ್ನೊಂದು ಬರುತ್ತಿರುತ್ತದೆ.

ನಡೆದು ಹೋಗುವವರು, ಸೈಕಲ್ಲಿನವರು?

ಜೀಬ್ರಾ ಪಟ್ಟೆಯ ಹತ್ತಿರ ಒಬ್ಬರು ದಾಟುವ ಹಾಗೆ ನಿಂತಿದ್ದರೆ ಸಾಕು, ನೀವು ನಿಲ್ಲಬೇಕು. ಅವರು ಕಾಲಿಡಲಿ ಅಂತ ಕಾಯುವಂತಿಲ್ಲ. ಪಟ್ಟೆ ಇಲ್ಲದಿದ್ದರೂ, ನೀವು ತಿರುಗುತ್ತಿರುವ ರಸ್ತೆಯನ್ನು ದಾಟುತ್ತಿರುವವರಿಗೆ ದಾರಿ ಬಿಡಬೇಕು. ಇದು ನಮ್ಮವರಿಗೆ ತುಂಬ ಮರೆತುಹೋಗುತ್ತದೆ. ಸಿಗ್ನಲ್ ಹಸಿರಾಯಿತು, ಬಲಕ್ಕೆ ತಿರುಗಿದೆ ಅಂದರೆ ಆಗಲಿಲ್ಲ. ನಿಮ್ಮ ಪಕ್ಕದಲ್ಲೇ ನೇರ ಹೋಗುವ ಸೈಕಲ್ಲಿನವರಿಗೂ ಹಸಿರು ಇರುತ್ತದೆ, ಅವರೇ ಮೊದಲು.

ಸೈಕಲ್ಲನ್ನು ದಾಟಿ ಹೋಗುವಾಗ ಊರೊಳಗೆ ಒಂದೂವರೆ ಮೀಟರ್, ಊರ ಹೊರಗೆ ಎರಡು ಮೀಟರ್ ದೂರ ಬಿಡಬೇಕು ಅಂತ 2020ರಿಂದ ಕಾನೂನಿದೆ. ಅಷ್ಟು ಜಾಗ ಇಲ್ಲದಿದ್ದರೆ ಹಿಂದೆಯೇ ಹೋಗಿ. ಸ್ಕೂಲ್ ಬಸ್ಸು ನಾಲ್ಕೂ ದೀಪ ಮಿಣುಕಿಸುತ್ತಾ ನಿಂತಿದ್ದರೆ, ಎದುರಿನಿಂದ ಬರುವವರೂ ನಡಿಗೆಯ ವೇಗದಲ್ಲಿ ಮಾತ್ರ ಹೋಗಬೇಕು.

ನೀವೇ ನಡೆದು ಹೋಗುತ್ತಿರುವಾಗ ಕೆಂಪು ದೀಪ ಇದ್ದರೆ, ರಸ್ತೆ ಖಾಲಿ ಇದ್ದರೂ ದಾಟಬೇಡಿ, ಅದರಲ್ಲೂ ಪಕ್ಕದಲ್ಲಿ ಮಕ್ಕಳಿದ್ದರೆ. ಅಜ್ಜಿಯೊಬ್ಬರು ನನಗೆ ಹೇಳಿದ್ದರು, ನಿಮ್ಮನ್ನು ನೋಡಿ ಮಗು ಕಲಿಯುತ್ತೆ ಅಂತ.

ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳಬಹುದಾ? ಸ್ವಲ್ಪ ದೂರಕ್ಕೆ?

ಇಲ್ಲ. ಹನ್ನೆರಡು ವರ್ಷ ತುಂಬದ, 150 ಸೆಂಟಿಮೀಟರಿಗಿಂತ ಕುಳ್ಳಗಿರುವ ಎಲ್ಲ ಮಕ್ಕಳಿಗೂ ತಕ್ಕ ಸೀಟು ಬೇಕು. ಹೆರಿಗೆಯಾಗಿ ಆಸ್ಪತ್ರೆಯಿಂದ ಕಾರಿನಲ್ಲಿ ಮನೆಗೆ ಬರುವಾಗಲೂ. ಹಿಂದಕ್ಕೆ ಮುಖ ಮಾಡಿದ ಸೀಟನ್ನು ಮುಂದೆ ಇಟ್ಟರೆ ಏರ್‌ಬ್ಯಾಗ್ ಆಫ್ ಮಾಡಿರಲೇಬೇಕು.

ಕಷ್ಟ ಬರುವುದು ಊರಿನಿಂದ ಅಪ್ಪ ಅಮ್ಮ ಬಂದಾಗ. ಮಗು ಅಳುತ್ತದೆ. "ಕೊಡಪ್ಪ ಇಲ್ಲಿ, ನನ್ನ ತೊಡೆ ಮೇಲೆ ಇರಲಿ, ನಿನ್ನನ್ನು ಹಾಗೇ ಅಲ್ವಾ ಸಾಕಿದ್ದು" ಅಂತ ನಮ್ಮಮ್ಮ ಹೇಳಿದ್ದರು. ಆ ಮಾತಿನಲ್ಲಿ ಇರುವುದು ಪ್ರೀತಿ, ಅದಕ್ಕೆ ಕಾನೂನಿನ ಮಾತು ಎದುರಿಟ್ಟರೆ ನೋವಾಗುತ್ತದೆ. ನಾನು ಕಾರು ಪಕ್ಕಕ್ಕೆ ನಿಲ್ಲಿಸಿ ಹೇಳಿದೆ: ಅಮ್ಮ, 50ರ ಸ್ಪೀಡಿನಲ್ಲಿ ಗುದ್ದಿದರೆ ಮಗುವಿನ ಭಾರ ನಿನ್ನ ಕೈಲಿ ಹತ್ತಾರು ಪಟ್ಟು ಆಗುತ್ತೆ, ಯಾರ ಕೈಲೂ ಹಿಡಿಯೋಕೆ ಆಗಲ್ಲ. ಆಮೇಲೆ ಅವರೇ ಪಕ್ಕ ಕೂತು, ಸೀಟಿನಲ್ಲಿದ್ದ ಮಗುವಿನ ಪಾದ ಹಿಡಿದುಕೊಂಡು ಬಂದರು. ಅದು ಸುಮ್ಮನಾಯಿತು. ಅಂದ ಹಾಗೆ, ಹಿಂದೆ ಕೂತ ದೊಡ್ಡವರಿಗೂ ಬೆಲ್ಟ್ ಕಡ್ಡಾಯ.

ಒಂದು ಬಿಯರ್ ಕುಡಿದು ಓಡಿಸಬಹುದು ಅಂತಾರೆ?

ಮಿತಿ 0.5 ಪ್ರೊಮಿಲೆ, ಅಂದರೆ ರಕ್ತದ ಸಾವಿರ ಪಾಲಿನಲ್ಲಿ ಅರ್ಧ ಪಾಲು ಮದ್ಯ ಅಂತ ಇದೆ. ಆದರೆ ಲೈಸೆನ್ಸ್ ಹೊಸದಾಗಿ ಪಡೆದು ಎರಡು ವರ್ಷದ ಪರೀಕ್ಷಾ ಅವಧಿಯಲ್ಲಿ ಇರುವವರಿಗೆ ಮತ್ತು 21 ತುಂಬದವರಿಗೆ ಸೊನ್ನೆ. ಗಾಡಿ ಆಚೀಚೆ ಓಲಾಡಿದರೆ ಅಥವಾ ಅಪಘಾತವಾದರೆ 0.3 ಇದ್ದರೂ ಕ್ರಿಮಿನಲ್ ಕೇಸು ಆಗಬಹುದು. ಬಾಡಿಗೆ ಎಲೆಕ್ಟ್ರಿಕ್ ಸ್ಕೂಟರಿಗೂ ಕಾರಿನ ಮಿತಿಯೇ. ನನ್ನ ಸಲಹೆ, ಕುಡಿದರೆ ರೈಲು.

ಚಳಿಗಾಲದಲ್ಲಿ ಏನು ನೋಡಿಕೊಳ್ಳಬೇಕು?

ಮೊದಲು ಟೈರು. ಹಿಮ, ಮಂಜುಗಡ್ಡೆ ಇರುವ ರಸ್ತೆಗೆ ಚಳಿಗಾಲದ ಟೈರು ಕಡ್ಡಾಯ. ಅಕ್ಟೋಬರ್‌ನಿಂದ ಈಸ್ಟರ್‌ವರೆಗೆ ಅಂತ ಜನ ಲೆಕ್ಕ ಇಟ್ಟುಕೊಂಡಿದ್ದಾರೆ. ಬೆಟ್ಟದ ಮೇಲೆ ಹಿಮದ ಹರಳು ಇರುವ ಗುರುತು ಟೈರಿನ ಮೇಲೆ ಇರಬೇಕು. ಬರೀ ಎಂ ಪ್ಲಸ್ ಎಸ್ ಅಂತ ಬರೆದ ಹಳೆಯ ಟೈರು 2024ರ ಅಕ್ಟೋಬರ್‌ನಿಂದ ನಡೆಯುವುದಿಲ್ಲ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಬಗ್ಗಿ ಆ ಗುರುತು ನೋಡಿ.

ಬೆಳಗ್ಗೆ ಗಾಜಿನ ಮೇಲೆ ಮಂಜು ಗಟ್ಟಿಯಾಗಿ ಕೂತಿರುತ್ತದೆ. ಆಫೀಸಿಗೆ ತಡವಾಯಿತು ಅಂತ ಮುಂದಿನ ಗಾಜಿನಲ್ಲಿ ಕಿಂಡಿಯಷ್ಟು ಕೆರೆದು ಹೊರಡಬೇಡಿ. ಎಲ್ಲ ಗಾಜು, ದೀಪ, ಕಾರಿನ ತಲೆಯ ಮೇಲಿನ ಹಿಮ ಎಲ್ಲ ತೆಗೆಯಬೇಕು. ನಾನು ಒಮ್ಮೆ ಚಾವಣಿ ಬಿಟ್ಟಿದ್ದೆ. ಮೊದಲ ಬ್ರೇಕಿಗೆ ಅಷ್ಟೂ ಹಿಮ ಜಾರಿ ಮುಂದಿನ ಗಾಜಿನ ಮೇಲೆ ಬಿತ್ತು, ಏನೂ ಕಾಣಲಿಲ್ಲ. ಹಿಂದೆ ಯಾರೂ ಇರಲಿಲ್ಲ, ಬಚಾವಾದೆ.

ಸೇತುವೆಯ ಮೇಲೆ ರಸ್ತೆ ಎಲ್ಲಕ್ಕಿಂತ ಮೊದಲು ಹೆಪ್ಪುಗಟ್ಟುತ್ತದೆ. ಕಾಡಿನ ರಸ್ತೆಯಲ್ಲಿ ಮುಸ್ಸಂಜೆ ಜಿಂಕೆ ಬರುತ್ತದೆ, ಒಂದು ಬಂದರೆ ಹಿಂದೆ ಇನ್ನೊಂದು ಇದ್ದೇ ಇರುತ್ತದೆ. ನಾಗರಹೊಳೆ ದಾರಿಯಲ್ಲಿ ಓಡಿಸಿದವರಿಗೆ ಹೇಳಬೇಕಿಲ್ಲ. ಬ್ರೇಕ್ ಹಾಕಿ, ಸ್ಟೇರಿಂಗ್ ಗಟ್ಟಿ ಹಿಡಿಯಿರಿ. ಅದನ್ನು ತಪ್ಪಿಸಲು ಹೋಗಿ ಮರಕ್ಕೆ ಗುದ್ದಿದವರೇ ಜೀವ ಕಳೆದುಕೊಳ್ಳುವುದು.

ದಂಡ, ಪಾಯಿಂಟ್ ಹೇಗೆ? ಪೊಲೀಸರ ಜೊತೆ ಮಾತಾಡಿ ಬಗೆಹರಿಸಬಹುದಾ?

ಕ್ಯಾಮೆರಾ ಫೋಟೋ ತೆಗೆಯುತ್ತದೆ, ಕಾಗದ ಮನೆಗೆ ಬರುತ್ತದೆ. ಊರೊಳಗೆ 50ರ ಜಾಗದಲ್ಲಿ 10 ಕಿ.ಮೀ.ವರೆಗೆ ಜಾಸ್ತಿ ಹೋದರೆ 30 ಯೂರೋ, 21 ಮುಟ್ಟಿದರೆ 115 ಯೂರೋ ಮತ್ತು ಒಂದು ಪಾಯಿಂಟ್. ಫೋನ್ ಕೈಲಿ ಹಿಡಿದರೆ 100 ಯೂರೋ, ಒಂದು ಪಾಯಿಂಟ್. ಸಿಗ್ನಲ್ಲಿನಲ್ಲಿ ಎಂಜಿನ್ ತಾನಾಗಿ ನಿಂತಿತ್ತು ಅನ್ನುವ ಸಬೂಬು ನಡೆಯುವುದಿಲ್ಲ. ಪಾಯಿಂಟುಗಳ ಲೆಕ್ಕ ಡೆನ್ಮಾರ್ಕ್ ಗಡಿಯ ಹತ್ತಿರದ ಫ್ಲೆನ್ಸ್‌ಬುರ್ಗ್ ಅನ್ನುವ ಊರಿನಲ್ಲಿದೆ. ಎಂಟಾದರೆ ಲೈಸೆನ್ಸ್ ಹೋಯಿತು.

ದುಡ್ಡಿನ ಮಾತು ಬಾಯಲ್ಲೂ ತರಬೇಡಿ. ಅದೇ ಬೇರೆ ಅಪರಾಧ.

ಅಪಘಾತ ಆದರೆ ಏನು ಮಾಡಬೇಕು?

ನಾಲ್ಕೂ ಇಂಡಿಕೇಟರ್ ಹಾಕಿ. ಹಳದಿ ಅಥವಾ ಕಿತ್ತಳೆ ಬಣ್ಣದ ಹೊಳೆಯುವ ಜಾಕೆಟ್ಟನ್ನು ಒಳಗಿರುವಾಗಲೇ ಹಾಕಿಕೊಳ್ಳಿ. ಅದು ಡಿಕ್ಕಿಯಲ್ಲಿ ಇರಬಾರದು, ಕೈಗೆ ಸಿಗುವ ಜಾಗದಲ್ಲಿರಬೇಕು. ತ್ರಿಕೋನದ ಬೋರ್ಡನ್ನು ಆಟೋಬಾನ್‌ನಲ್ಲಾದರೆ 150 ಮೀಟರಾದರೂ ಹಿಂದೆ ಇಟ್ಟು, ಎಲ್ಲರೂ ಕಬ್ಬಿಣದ ತಡೆಯ ಆಚೆ ಹೋಗಿ ನಿಲ್ಲಿ. ಆಂಬುಲೆನ್ಸ್, ಅಗ್ನಿಶಾಮಕಕ್ಕೆ 112, ಪೊಲೀಸರಿಗೆ 110.

ಬೇರೆಯವರ ಅಪಘಾತ ಕಂಡರೂ ನಿಮ್ಮ ಕೈಲಾದ ಸಹಾಯ ಮಾಡಲೇಬೇಕು, ಸುಮ್ನೆ ನೋಡಿ ಹೋದರೆ ಅದೂ ಅಪರಾಧ. ಲೈಸೆನ್ಸಿಗೆ ಪ್ರಥಮ ಚಿಕಿತ್ಸೆ ಕ್ಲಾಸು ಇಟ್ಟಿರುವುದು ಇದಕ್ಕೇ. ನಮ್ಮಲ್ಲಿ ಪೊಲೀಸ್, ಕೋರ್ಟು ಅಂತ ಹೆದರಿ ದೂರ ನಿಲ್ಲುವ ಕಾಲ ಇತ್ತು. ಈಗ ಸಹಾಯ ಮಾಡಿದವರನ್ನು ಕಾಯುವ ಕಾನೂನನ್ನು ಕರ್ನಾಟಕ ತಂದಿದೆ. ಇದನ್ನು ಊರಲ್ಲಿ ಇರುವವರಿಗೂ ಹೇಳಿ.

ನಿಲ್ಲಿಸಿದ ಕಾರಿಗೆ ನಿಮ್ಮದು ಸ್ವಲ್ಪ ಉಜ್ಜಿತು ಅನ್ನಿ. ಚೀಟಿ ಸಿಕ್ಕಿಸಿ ಹೋದರೆ ಸಾಲದು. ಮಾಲೀಕರಿಗೆ ಕಾದು, ಬರದಿದ್ದರೆ ಪೊಲೀಸರಿಗೆ ಫೋನ್ ಮಾಡಬೇಕು. ಚೀಟಿ ಇಟ್ಟು ಹೋಗುವುದನ್ನೂ ಓಡಿಹೋದಂತೆ ಅಂತಲೇ ಲೆಕ್ಕ ಹಾಕುತ್ತಾರೆ. ಒಳ್ಳೆಯ ಮನಸ್ಸಿನವರೇ ಈ ತಪ್ಪಿಗೆ ಸಿಕ್ಕಿಬೀಳುತ್ತಾರೆ.

ಇವರು ಹುಟ್ಟಿನಿಂದಲೇ ಶಿಸ್ತಿನ ಜನ. ನಮ್ಮಲ್ಲಿ ಇದೆಲ್ಲ ಸಾಧ್ಯನಾ?

ಈ ಪ್ರಶ್ನೆ ಕೇಳಿದಾಗಲೆಲ್ಲ ನಾನು 1970ರ ಮಾತು ಹೇಳುತ್ತೇನೆ. ಆ ವರ್ಷ ಪೂರ್ವ, ಪಶ್ಚಿಮ ಎರಡೂ ಜರ್ಮನಿ ಸೇರಿ 21,000ಕ್ಕೂ ಹೆಚ್ಚು ಜನ ರಸ್ತೆಯಲ್ಲಿ ಸತ್ತರು. ಆಮೇಲೆ ಪಶ್ಚಿಮ ಜರ್ಮನಿಯಲ್ಲಿ ಒಂದೊಂದೇ ನಿಯಮ ಬಂತು. 1972ರಲ್ಲಿ ಊರ ಹೊರಗಿನ ರಸ್ತೆಗೆ 100ರ ಮಿತಿ. 1973ರಲ್ಲಿ ಕುಡಿತಕ್ಕೆ 0.8ರ ಮಿತಿ, 1998ರಲ್ಲಿ ಅದು 0.5ಕ್ಕೆ ಇಳಿಯಿತು. 1976ರಲ್ಲಿ ಮುಂದಿನ ಸೀಟಿಗೆ ಬೆಲ್ಟ್ ಕಡ್ಡಾಯ ಮಾಡಿದರು. ಜನ ಹಾಕಿದರಾ? ಬಹಳ ಜನ ಹಾಕಲಿಲ್ಲ. ಉಸಿರು ಕಟ್ಟುತ್ತೆ, ಬೆಂಕಿ ಹತ್ತಿದರೆ ಹೊರಗೆ ಬರೋಕಾಗಲ್ಲ ಅಂತ ಜಗಳ ಆಡಿದರು. 1984ರಲ್ಲಿ 40 ಮಾರ್ಕ್ ದಂಡ ಅಂದಾಗ ಹಾಕಲು ಶುರು ಮಾಡಿದರು. ಗಾಡಿಗಳು ಎಷ್ಟೋ ಪಟ್ಟು ಹೆಚ್ಚಿದ್ದರೂ, ಈಗ ವರ್ಷಕ್ಕೆ ಸಾಯುವವರು 3,000ಕ್ಕಿಂತ ಕಡಿಮೆ. 2023ರಲ್ಲಿ 2,839.

ನಮ್ಮ ದೇಶದಲ್ಲಿ 2022ರಲ್ಲಿ ರಸ್ತೆಯಲ್ಲಿ ಸತ್ತವರು 1,68,491. ನಮ್ಮ ಜನಸಂಖ್ಯೆ ದೊಡ್ಡದು, ನಿಜ. ಅದನ್ನು ಲೆಕ್ಕಕ್ಕೆ ಹಿಡಿದರೂ ಅಂತರ ದೊಡ್ಡದೇ. ನನ್ನ ಸೋದರಮಾವನ ಮಗ ಆ ಥರದ ಒಂದು ಅಂಕಿ, ಹಾಸನ ಬೈಪಾಸ್‌ನಲ್ಲಿ, ಹೆಲ್ಮೆಟ್ ಟ್ಯಾಂಕಿನ ಮೇಲಿತ್ತು. ಶಿಸ್ತು ಹುಟ್ಟಿನಿಂದ ಬರುವುದಾದರೆ 1970ರಲ್ಲಿ ಇವರೇಕೆ ಅಷ್ಟು ಜನ ಸತ್ತರು?

ರಜಕ್ಕೆ ಊರಿಗೆ ಹೋದಾಗ ಓಡಿಸಬಹುದಾ?

ಮೊದಲ ಎರಡು ಮೂರು ದಿನ ಬೇಡ. ರಾತ್ರಿ ಪೂರ್ತಿ ವಿಮಾನದಲ್ಲಿ ಕೂತು, ದೇವನಹಳ್ಳಿಯಲ್ಲಿ ಇಳಿದು, ನೇರ ಹಾಸನಕ್ಕೋ ದಾವಣಗೆರೆಗೋ ತಾವೇ ಓಡಿಸಿಕೊಂಡು ಹೋಗುವವರಿದ್ದಾರೆ. ಕಣ್ಣು ಎಳೆಯುತ್ತಿರುತ್ತದೆ. ಅದೂ ಅಲ್ಲದೆ, ಎದುರಿನವನು ನಿಯಮದಂತೆ ಬರುತ್ತಾನೆ ಅಂತ ನಂಬುವ ಅಭ್ಯಾಸ ಈಗ ನಿಮಗೇ ಬಂದಿರುತ್ತದೆ. ಆ ನಂಬಿಕೆ ಅಲ್ಲಿ ತಕ್ಷಣಕ್ಕೆ ಕೆಲಸ ಮಾಡುವುದಿಲ್ಲ. ಭಾರತದ ಲೈಸೆನ್ಸ್ ಇಲ್ಲಿ ಕೊಟ್ಟುಬಿಟ್ಟಿರುವುದರಿಂದ, ಹೊರಡುವ ಮುಂಚೆ ಇಲ್ಲಿಯ ಕಚೇರಿಯಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಳ್ಳಿ.

ಟ್ಯಾಕ್ಸಿ ಹಿಡಿದರೆ ಹಿಂದಿನ ಸೀಟಿನ ಬೆಲ್ಟ್ ಹಾಕಿಕೊಳ್ಳಿ, ನಮ್ಮ ಕಾನೂನೂ ಅದನ್ನೇ ಹೇಳುತ್ತದೆ. ಎಷ್ಟೋ ಗಾಡಿಗಳಲ್ಲಿ ಅದರ ಕೊಂಡಿ ಸೀಟ್ ಕವರಿನ ಕೆಳಗೆ ಸೇರಿಹೋಗಿರುತ್ತದೆ. ಡ್ರೈವರ್ ಅಣ್ಣನಿಗೆ ಹೇಳಿ, ಕವರ್ ಸರಿಸಿ ತೆಗೆದುಕೊಡುತ್ತಾರೆ. ಐದು ನಿಮಿಷ ತಡವಾಗುತ್ತದೆ, ಆಗಲಿ.